ಪ್ರವಾಸ ಕಂಪನಿ ಕೈಕೊಟ್ಟರೆ: 1915ಕ್ಕೆ ಫೋನೋ, ಗ್ರಾಹಕ ಆಯೋಗವೋ, ಪೊಲೀಸೋ?

ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ನಮ್ಮ ಕನ್ನಡದವರಲ್ಲಿ ಚಾರ್‌ಧಾಮಕ್ಕೋ ಕಾಶ್ಮೀರಕ್ಕೋ ಪ್ಯಾಕೇಜ್ ತಗೊಂಡು ಮೋಸಹೋದವರು ಇದ್ದಾರೆ. ಅವರು ಸುಮ್ಮನಾಗುವುದೇ ನನಗೆ ಬೇಸರ.

ಕಂಪನಿ ಇನ್ನೂ ಫೋನ್ ಎತ್ತುತ್ತಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಖರ್ಚಿಲ್ಲ. ಆದರೆ ಅಲ್ಲಿ ನಡೆಯುವುದು ರಾಜಿ ಮಾತುಕತೆ. ಕಂಪನಿ ಒಲ್ಲೆ ಎಂದರೆ ಮುಗಿಯಿತು.

ಆದೇಶ ಹೊರಡಿಸುವ ಅಧಿಕಾರ ಇರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಹಣ ವಾಪಸಾತಿಯ ಜೊತೆಗೆ ಮಾನಸಿಕ ಕಿರುಕುಳಕ್ಕೂ ಪರಿಹಾರ ಕೇಳಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೊಡ್ಡ ಉಪಕಾರವೆಂದರೆ, ಕಂಪನಿ ದೆಹಲಿಯದಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೊಂಬಿವಲಿಯವರಿಗೆ ಅದು ಠಾಣೆ ಜಿಲ್ಲೆ, ಮುಂಬೈ ಅಲ್ಲ. ದೂರು ಕೊಡಲು ಗಡುವು 2 ವರ್ಷ. ತೀರ್ಪಿಗೆ ಕಾನೂನು ಹೇಳುವುದು 3 ತಿಂಗಳು, ಆದರೆ ಹೆಚ್ಚು ಕಾಯಲು ಸಿದ್ಧರಿರಿ.

ಪೊಲೀಸ್ ದೂರು ಬೇರೆ ಸಂಗತಿ. ಕಚೇರಿಗೆ ಬೀಗ, ನಕಲಿ ಟಿಕೆಟ್, ಮೊದಲಿನಿಂದಲೇ ವಂಚಿಸುವ ಉದ್ದೇಶ ಇದ್ದರೆ ಮಾತ್ರ ಅದು ಸರಿ. ಹೋಟೆಲ್ ಕಳಪೆ ಎಂದು ಹೋದರೆ ಗ್ರಾಹಕ ಆಯೋಗಕ್ಕೆ ಹೋಗಿ ಎಂದೇ ಕಳಿಸುತ್ತಾರೆ.

ನನ್ನನ್ನು ಕೇಳಿದರೆ, 1915ರಲ್ಲಿ ಬಗೆಹರಿಯದಿದ್ದರೆ ತಡಮಾಡದೆ ಆಯೋಗ. ಪ್ಯಾಕೇಜ್ ವಿವರಪಟ್ಟಿ, ಹಣ ಕಟ್ಟಿದ ರಸೀದಿ, ವಾಟ್ಸಾಪ್ ಮಾತುಕತೆ ಅಳಿಸಬೇಡಿ. "ಸೀ ವ್ಯೂ" ಎಂದು ಬರೆದ ವೋಚರ್ ಪಕ್ಕದಲ್ಲಿ ಗೋಡೆಗೆ ತೆರೆಯುವ ಕಿಟಕಿಯ ಫೋಟೋ ಇಟ್ಟರೆ ಹೆಚ್ಚು ವಾದ ಬೇಕಾಗುವುದಿಲ್ಲ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿಗೂ ಕೂಡಲೇ ತಕರಾರು ಬರೆಯಿರಿ.