ಜಾಕ್ ಹಾಕಿದಾಗ ಸಿಗದ ಸದ್ದು ಲಿಂಕ್ ಬಿಚ್ಚಿದಾಗ ಸಿಕ್ಕಿತು

ನನ್ನ ಕಾರಿನ ಮುಂಭಾಗದಿಂದ ಮೂರು ತಿಂಗಳು ಲೊಟ ಲೊಟ ಸದ್ದು ಬರುತ್ತಿತ್ತು. ನುಣುಪು ರಸ್ತೆಯಲ್ಲಿ ಏನೂ ಇಲ್ಲ. ಸಣ್ಣ ಗುಂಡಿ, ಜಲ್ಲಿ ಎದ್ದ ದಾರಿ ಸಿಕ್ಕರೆ ಸಾಕು, ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ "ಶಾಕ್ ಹೋಗಿದೆ" ಅಂದರು. ಗುಂಡಿಯ ಕುಲುಕು ತಡೆಯುವ ಆ ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಾಯಿಸಿದೆ. ಸದ್ದು ಇದ್ದ ಹಾಗೇ ಇತ್ತು. ಆಮೇಲೆ ನಾನೇ ಹುಡುಕಲು ಕೂತೆ. ನಾಲ್ಕು ರೀತಿಯಲ್ಲಿ ಹುಡುಕಿದೆ.

ಮೊದಲು ಕಿವಿ. ಖರ್ಚಿಲ್ಲದ ಪರೀಕ್ಷೆ, ಆದರೆ ಸುಮ್ನೆ ಓಡಿಸಿದರೆ ಪ್ರಯೋಜನವಿಲ್ಲ. ಎರಡೂ ಚಕ್ರ ಒಟ್ಟಿಗೆ ಹತ್ತುವ ಹಂಪ್ ಮೇಲೆ ನಿಧಾನಕ್ಕೆ ಹೋದೆ, ಸದ್ದು ಬರಲಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿಸಿದೆ, ಟಕ್! ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಓಡಿಸಿದೆ, ಆಗಲೂ ಬಂತು. ಹಾಗಾದರೆ ಸಡಿಲವಾದ ಬ್ರೇಕ್ ಪ್ಯಾಡ್ ಇರಲಾರದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದೆ. ಸ್ಪ್ರಿಂಗ್ ಜಿಗಿಯಲಿಲ್ಲ, ಅಂದರೆ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಜೋಡಿ) ಬಾಡಿಗೆ ಕೂರುವ ಮೌಂಟ್ ಮೇಲೆ ಅನುಮಾನ ಕಡಿಮೆ. ಕಿವಿಯಿಂದ ಇಷ್ಟೆಲ್ಲ ಗೊತ್ತಾಯಿತು. ಯಾವ ಕಡೆ ಅನ್ನೋದು ಮಾತ್ರ ತಪ್ಪಿತು. ಎಡಗಡೆಯೇ ಅಂತ ಆಣೆ ಮಾಡುತ್ತಿದ್ದೆ. ಕೊನೆಗೆ ನೋಡಿದರೆ ಬಲಗಡೆ. ಬಾಡಿಯ ತಗಡಿನಲ್ಲಿ ಸದ್ದು ಎಲ್ಲಿಂದ ಎಲ್ಲಿಗೋ ಹರಿಯುತ್ತದೆ.

ಎರಡನೆಯದು ಜಾಕ್. ಒಂದು ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಚಕ್ರದ ಕಡೆಯನ್ನು ಕೆಳಗಿನ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್, ಚಕ್ರದ ಬೇರಿಂಗ್ ಗಟ್ಟಿ. ಪಕ್ಕದಿಂದ ಹಿಡಿದು ಅಲ್ಲಾಡಿಸಿದೆ. ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್ ಗಟ್ಟಿ. ಸ್ಟೆಬಿಲೈಜರ್ ಲಿಂಕ್, ಅಂದರೆ ಕಾರು ವಾಲದಂತೆ ತಡೆಯುವ ಅಡ್ಡ ರಾಡಿನ ತುದಿಯ ಸಣ್ಣ ಕೊಂಡಿ, ಅದನ್ನು ಹಿಡಿದು ಎಳೆದೆ. ಕಲ್ಲಿನಂತೆ ಕೂತಿತ್ತು. ಸರಿ, ಲಿಂಕ್ ಅಲ್ಲ ಅಂದುಕೊಂಡೆ.

ಅಲ್ಲೇ ಮೋಸ ಹೋದದ್ದು. ಒಂದೇ ಚಕ್ರ ನೇತಾಡುವಾಗ ಎಡಬಲ ಎರಡನ್ನೂ ಸೇರಿಸುವ ಸ್ಟೆಬಿಲೈಜರ್ ರಾಡ್ ತಿರುಚಿಕೊಂಡಿರುತ್ತದೆ. ಆ ಬಲ ಲಿಂಕನ್ನು ಒಂದೇ ಕಡೆಗೆ ಬಿಗಿಯಾಗಿ ಎಳೆದಿಟ್ಟುಕೊಳ್ಳುತ್ತದೆ. ಸವೆದ ಜಾಯಿಂಟ್ ಕೂಡ ಹೊಸದರಂತೆ ನಟಿಸುತ್ತದೆ. ಎರಡೂ ಚಕ್ರ ನೆಲದಲ್ಲಿರಬೇಕು, ಇಲ್ಲವೇ ಎರಡೂ ಮೇಲಿರಬೇಕು. ಆಗಲೇ ಅದರ ಪ್ಲೇ, ಅಂದರೆ ಸಡಿಲ ಅಲುಗಾಟ, ಕೈಗೆ ಸಿಗೋದು.

ಮೂರನೆಯದು ಗೆಳೆಯನಿಂದ ತಂದ ವೈರ್‌ಲೆಸ್ ಮೈಕ್. ಕ್ಲಿಪ್‌ಗಳನ್ನು ಲೋವರ್ ಆರ್ಮ್ (ಆ ಕೆಳಗಿನ ತೋಳು), ಸ್ಟ್ರಟ್, ಲಿಂಕ್ ಎಲ್ಲಕ್ಕೂ ಕಚ್ಚಿಸಿ ಹೆಡ್‌ಫೋನ್‌ನಲ್ಲಿ ಕೇಳೋದು. ಮಜಾ ಇದೆ. ಬಲಗಡೆ ಅಂತ ತೋರಿಸಿಕೊಟ್ಟಿದ್ದು ಇದೇ. ಆದರೆ ನನ್ನ ಕಾರಿನಲ್ಲಿ ಲಿಂಕಿನ ಮೇಲ್ತುದಿ ಸ್ಟ್ರಟ್‌ಗೇ ಬೋಲ್ಟ್ ಆಗಿದೆ. ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಜೋರು. ಯಾವುದು ಹೊಡೆಯುತ್ತಿದೆ, ಯಾವುದು ಹೊಡೆಸಿಕೊಳ್ಳುತ್ತಿದೆ ಅಂತ ತಿಳಿಯಲಿಲ್ಲ.

ಕೊನೆಗೆ ಎರಡೂ ಕಡೆಯ ಲಿಂಕ್ ಬಿಚ್ಚಿದೆ. ನಟ್ ಜೊತೆ ಲಿಂಕಿನ ತುದಿಯ ಬೋಲ್ಟಿನಂಥ ಸ್ಟಡ್ಡೂ ತಿರುಗುತ್ತದೆ, ಅದರ ತುದಿಗೆ ಅಲೆನ್ ಕೀ ಹಾಕಿ ಹಿಡಿದುಕೊಳ್ಳಬೇಕು. ತುಕ್ಕು ಹಿಡಿದಿದ್ದರೆ ತಾಳ್ಮೆ ಬೇಕು. ರಾಡ್ ಯಾವುದಕ್ಕೂ ತಾಗದಂತೆ ತಂತಿ ಕಟ್ಟಿ, ಅದೇ ಗುಂಡಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿದೆ. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಆದ್ದರಿಂದ ವೇಗ ಬೇಡವೇ ಬೇಡ. ಸದ್ದು ಪೂರ್ತಿ ನಿಂತಿತ್ತು! ಬಲಗಡೆಯ ಲಿಂಕ್ ಕೈಯಲ್ಲಿ ಹಿಡಿದರೆ ಸ್ಟಡ್ ತಾನಾಗೇ ಕೆಳಗೆ ವಾಲಿತು, ನಿದ್ದೆಗೆ ಜಾರಿದ ಮಗುವಿನ ಕತ್ತಿನ ಹಾಗೆ. ಎಡಗಡೆಯದನ್ನು ತಿರುಗಿಸಲು ಬೆರಳಿಗೆ ಬಲ ಬೇಕಾಯಿತು.

ಒಂದನ್ನೇ ಆರಿಸು ಅಂದರೆ ನನ್ನ ಮತ ಇದಕ್ಕೇ. ಹಾಗಂತ ಜಾಕ್ ಬಿಡಬೇಡಿ, ಬಾಲ್ ಜಾಯಿಂಟ್ ಪ್ರಾಣದ ವಿಷಯ, ಅದನ್ನು ಮೊದಲು ನೋಡಲೇಬೇಕು. ಬ್ರೇಕ್ ಹಾಕುವಾಗ, ರಿವರ್ಸ್‌ನಿಂದ ಮುಂದಕ್ಕೆ ಹೊರಡುವಾಗ ಒಂದೇ ಸಲ ಧಡ್ ಅಂದರೆ ಲಿಂಕ್ ಬಿಚ್ಚಿ ಸಮಯ ಕಳೆಯಬೇಡಿ. ಲೋವರ್ ಆರ್ಮಿನ ರಬ್ಬರ್ ಬುಷ್ ಹತ್ತಿರ ಸಬ್ಬಲ್ಲಿನಂಥ ಕಬ್ಬಿಣದ ಸಲಾಕೆ ಇಟ್ಟು ಮೀಟಿ ನೋಡಿ. ಮೈಕ್ ಕೊಳ್ಳುವಷ್ಟು ಅಗತ್ಯ ಕಾಣಲಿಲ್ಲ, ಎರವಲು ಸಿಕ್ಕರೆ ಸಾಕು.

ಒಂದು ಮಾತು ಈಗಲೂ ಚುಚ್ಚುತ್ತದೆ. ನನ್ನ ಕಾರಿನಲ್ಲಿ ಶಾಕ್ ಬದಲಾಯಿಸಬೇಕಾದರೆ ಲಿಂಕ್ ಬಿಚ್ಚಲೇಬೇಕು. ಅಂದರೆ ಆ ಸತ್ತ ಲಿಂಕ್ ಅವತ್ತು ಗ್ಯಾರೇಜಿನವರ ಕೈಗೇ ಬಂದಿತ್ತು, ತಿರುಗಿ ಅದನ್ನೇ ಬಿಗಿದರು. ಹಳೇ ಶಾಕ್‌ಗಳು ಮನೆಯ ಮೂಲೆಯಲ್ಲಿವೆ. ಮೊನ್ನೆ ಒತ್ತಿ ನೋಡಿದೆ, ಎಣ್ಣೆ ಸೋರಿಲ್ಲ, ಬಿಗಿಯಾಗೇ ಇವೆ.