ಪೆಲೆಟ್ ಒಲೆ: 5 ಚಳಿಗಾಲದ ಬಳಕೆ, ಕರೆಂಟ್ ಹೋಗಿ ಬಂದಾಗಿನ ರಗಳೆ

ಅಮೆರಿಕದ ಮೇನ್, ವರ್ಮಾಂಟ್ ಕಡೆ ನೆಲೆಸಿರುವ ಕನ್ನಡಿಗರು ಪೆಲೆಟ್ ಒಲೆ (ಮರದ ಪುಡಿ ಒತ್ತಿ ಮಾಡಿದ ಪುಟ್ಟ ಕಡ್ಡಿಗಳಾದ ಪೆಲೆಟ್ ಉರಿಸುವ ಒಲೆ) ಕೊಳ್ಳುವ ಮುನ್ನ ಒಂದು ಮಾತು ತಿಳಿದಿರಲಿ: ಊರಿನ ಸೌದೆ ಒಲೆಯ ಹಾಗೆ ಇದು ತಾನಾಗಿ ಉರಿಯುವುದಿಲ್ಲ. ಪೆಲೆಟ್ ತಳ್ಳುವ ಆಗರ್ ಮೋಟರ್, ಹೊಗೆ ಹೊರಹಾಕುವ ಫ್ಯಾನ್, ಬಿಸಿಗಾಳಿ ಊದುವ ಫ್ಯಾನ್, ಬೆಂಕಿ ಹೊತ್ತಿಸುವ ಇಗ್ನೈಟರ್, ಎಲ್ಲಕ್ಕೂ 120 ವೋಲ್ಟ್ ಬೇಕು. ಬಿಸಿಯ ಬಗ್ಗೆ ದೂರಿಲ್ಲ. 40 ಪೌಂಡಿನ ಚೀಲ ಸಾಧಾರಣ ಚಳಿಗೆ ಒಂದು ದಿನ ಬರುತ್ತದೆ. ಅಂಕ ಕಳೆಯಬೇಕಾದದ್ದು ಹಿಮಗಾಳಿಗೆ ಕರೆಂಟ್ ಹೋಗಿ ಬಂದ ಮೇಲೆ ಕೊಡುವ ಕಾಟಕ್ಕೆ.

ಒಲೆ ಮಿಸುಕದಿದ್ದರೆ ತಕ್ಷಣ ‘ಬೋರ್ಡ್ ಹೋಯ್ತು’, ಅಂದರೆ ಒಲೆ ನಡೆಸುವ ಸರ್ಕ್ಯೂಟ್ ಬೋರ್ಡ್ ಕೆಟ್ಟಿತು, ಅಂದುಕೊಳ್ಳಬೇಡಿ. ಬೋರ್ಡಿಗೆ ನೂರಾರು ಡಾಲರ್, ಫ್ಯೂಸಿಗೆ ಒಂದೆರಡು ಡಾಲರ್. ಮೊದಲು ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ, ಬ್ರೇಕರ್ ಬಿದ್ದಿರಬಹುದು. ಆಮೇಲೆ ಪ್ಲಗ್ ಕಿತ್ತು, ಒಲೆ ಪೂರ್ತಿ ತಣ್ಣಗಾದ ಮೇಲೆ ಪಕ್ಕದ ತಗಡು ಬಿಚ್ಚಿ. ಬೋರ್ಡಿನ ಮೇಲೋ ಅದರ ಹತ್ತಿರವೋ ಬೆರಳಿನ ಗೆಣ್ಣಿನಷ್ಟು ಉದ್ದದ ಗಾಜಿನ ಫ್ಯೂಸ್ ಇರುತ್ತದೆ. ಗಾಜಿನೊಳಗಿನ ಎಳೆ ನಡುವೆ ನೀಟಾಗಿ ತುಂಡಾಗಿದ್ದರೆ ಸಾಮಾನ್ಯವಾಗಿ ಓವರ್‌ಲೋಡ್. ಗಾಜಿನ ಒಳಮೈ ಕಪ್ಪಾಗಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಕಣ್ಣಿಗೆ ಸರಿ ಕಂಡರೂ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಹಾರಿದ್ದರೆ ಹಳೆಯ ಫ್ಯೂಸಿನ ಮೇಲೆ ಬರೆದಿರುವಷ್ಟೇ ಆಂಪಿಯರಿನದನ್ನು ಹಾಕಿ, ಹೆಚ್ಚಿನದು ಬೇಡವೇ ಬೇಡ.

ಹೊಸದೂ ಹಾರಿದರೆ ಮೊದಲ ಅನುಮಾನ ಇಗ್ನೈಟರ್ ಮೇಲೆ. ಅದರ ಎರಡೂ ವೈರ್ ಕಳಚಿ ಅಳೆಯಿರಿ: 350 ವಾಟಿನದಾದರೆ ಸುಮಾರು 40 ಓಮ್ ಬರಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ವೈರಿನಿಂದ ಅದರ ಲೋಹದ ಕವಚಕ್ಕೆ ರೀಡಿಂಗ್ ಬಂದರೆ ಫ್ಯೂಸ್ ಸುಡುತ್ತಿರುವುದು ಅದೇ.

ಪ್ಯಾನೆಲ್ ದೀಪ ಉರಿದೂ ಪೆಲೆಟ್ ಬೀಳದಿದ್ದರೆ ಕಥೆ ಬೇರೆ. ಕರೆಂಟ್ ಹೋದ ಕ್ಷಣ ಬಿಸಿಗಾಳಿಯ ಫ್ಯಾನೂ ನಿಲ್ಲುತ್ತದೆ, ಆದರೆ ಬೆಂಕಿ ತಕ್ಷಣ ಆರುವುದಿಲ್ಲ. ಹೊರಹೋಗದ ಬಿಸಿ ಒಳಗೇ ಏರಿ, ಅತಿತಾಪದ ಸ್ವಿಚ್ ಬೀಳುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅದು ತಾನಾಗಿ ಮರಳುವುದಿಲ್ಲ. ಹಿಂಬದಿಯಲ್ಲೋ ಹಾಪರ್ (ಪೆಲೆಟ್ ತುಂಬುವ ಡಬ್ಬ) ಕೆಳಗೋ ನಾಣ್ಯದಗಲದ ಬಿಲ್ಲೆ, ನಡುವೆ ಪುಟ್ಟ ಕೆಂಪು ಗುಂಡಿ. ಪೆನ್ನಿನ ತುದಿಯಿಂದ ಒತ್ತಿದಾಗ ‘ಟಕ್’ ಅನ್ನಬೇಕು. ಈ ಒಂದು ಗುಂಡಿ ಗೊತ್ತಿಲ್ಲದೆ ಮೆಕ್ಯಾನಿಕ್ಕಿಗೆ ದುಡ್ಡು ಕೊಡುವುದು ನಿಜಕ್ಕೂ ಬೇಸರದ ಸಂಗತಿ. ಕೈಪಿಡಿಯ ಮೊದಲ ಪುಟದಲ್ಲೇ ಇದರ ಚಿತ್ರ ಇರಬೇಕಿತ್ತು.

ಅದೂ ಸರಿಯಿದ್ದರೆ ವ್ಯಾಕ್ಯೂಮ್ ಸ್ವಿಚ್, ಅಂದರೆ ಹೊಗೆಯ ಎಳೆತ ಸರಿಯಿದೆಯೇ ಎಂದು ನೋಡುವ ಸ್ವಿಚ್. ಅದಕ್ಕೆ ಹೋಗುವ ಸಿಲಿಕಾನ್ ಕೊಳವೆ ಬಿರುಕು ಬಿಟ್ಟಿದೆಯೇ, ಅದು ಕೂರುವ ಮೂತಿಯಲ್ಲಿ ಬೂದಿ ಕಟ್ಟಿದೆಯೇ ನೋಡಿ, ಪೇಪರ್ ಕ್ಲಿಪ್ಪಿನಿಂದ ಬಿಡಿಸಿ. ಕೊಳವೆ ಕಳಚದೆ ಸ್ವಿಚ್ಚಿನತ್ತ ಊದಬೇಡಿ, ಒಳಗಿನ ಪೊರೆ ಹರಿಯುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚದಿದ್ದರೂ ಇದೇ ಲಕ್ಷಣ. ಈ ಸ್ವಿಚ್ಚನ್ನು ವೈರ್ ಜೋಡಿಸಿ ಬೈಪಾಸ್ ಮಾಡಿ ಒಲೆ ಉರಿಸಬೇಡಿ: ಹೊಗೆ ಕೊಳವೆ ಕಟ್ಟಿದಾಗ ಪೆಲೆಟ್ ನಿಲ್ಲಿಸುವುದು ಅದೇ.

ಇಷ್ಟಾದ ಮೇಲಷ್ಟೇ ಬೋರ್ಡ್. ಸುಟ್ಟ ಕಲೆ, ಒಡೆದ ವೇರಿಸ್ಟರ್ (ಹೆಚ್ಚಿನ ವೋಲ್ಟೇಜ್ ತಡೆಯುವ ಭಾಗ) ಬಿಲ್ಲೆ ಕಂಡರೆ ಸರ್ಜ್, ಅಂದರೆ ಒಮ್ಮೆಲೇ ಏರಿದ ವೋಲ್ಟೇಜ್, ಹೊಡೆದಿದೆ. ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳುವುದು, ಬಂದು ಹತ್ತು ನಿಮಿಷ ಕಾಯುವುದು, ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕುವುದು, ಇವಿಷ್ಟೇ ಇದನ್ನು ತಡೆಯುವ ದಾರಿ.

ಬ್ಯಾಕಪ್‌ಗೆ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ) ಇನ್ವರ್ಟರ್ ತೆಗೆದುಕೊಳ್ಳಿ. ಅಗ್ಗದ ಮಾಡಿಫೈಡ್ ಸೈನ್ ವೇವ್‌ನಲ್ಲಿ ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ, ಫ್ಯಾನ್ ವೇಗ ತಪ್ಪುತ್ತದೆ. ಒಲೆ ಹತ್ತಿದ ಮೇಲೆ 100 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 12 ವೋಲ್ಟ್ 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯ ಅರ್ಧ ಬಳಸಿ ಸುಮಾರು 5 ಗಂಟೆ ಓಡಿಸಬಹುದು.

ಮತ್ತೆ ಹಚ್ಚುವ ಮುನ್ನ ಬರ್ನ್ ಪಾಟಿನಲ್ಲಿ (ಪೆಲೆಟ್ ಉರಿಯುವ ಬಟ್ಟಲಿನಲ್ಲಿ) ಅರೆಬೆಂದು ಉಳಿದ ಪೆಲೆಟ್ ಪೂರ್ತಿ ತೆಗೆಯಿರಿ. ಅದರ ಮೇಲೆ ಹೊಸದು ಬಿದ್ದರೆ ದಟ್ಟ ಹೊಗೆ ತುಂಬಿ, ಒಮ್ಮೆಲೇ ‘ಧಡ್’ ಎಂದು ಹೊತ್ತಿಕೊಳ್ಳುತ್ತದೆ. ಒಲೆ ಇರುವ ಕೋಣೆಯಲ್ಲಿ ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಕರೆಂಟ್ ಹೋದಾಗ ಹೊಗೆ ಮನೆಯೊಳಗೆ ಮರಳುವುದುಂಟು, ಬ್ಯಾಟರಿ ಇಲ್ಲದ ಗೋಡೆ ಪ್ಲಗ್ಗಿನ ಅಲಾರಂ ಆಗಲೇ ಸುಮ್ಮನಾಗಿರುತ್ತದೆ.