ಕೈಯಲ್ಲಿ ಅಡಿಕೆ, ಕಿವಿಯಲ್ಲಿ ಧಾರಾವಾಹಿ: ಭೂಮಿಕಾ, ಭಾಗ್ಯ, ಸುಮಿತ್ರಾ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ರಾತ್ರಿ ಟಿ.ವಿ. ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಒಬ್ಬರ ಮುಂದೆ ಒಣ ಅಡಿಕೆಯ ರಾಶಿ, ಇನ್ನೊಬ್ಬರ ಮಡಿಲಲ್ಲಿ ಬೀಡಿಯ ಮೊರ. ಸುಲಿಯುವ ಕತ್ತಿಯಿಂದ ಕಣ್ಣು ತೆಗೆದರೆ ಬೆರಳಿಗೇ ಬಂತು. ಆದ್ದರಿಂದ ಇಲ್ಲಿ ಧಾರಾವಾಹಿಗೆ ಇರುವ ಪರೀಕ್ಷೆ ಒಂದೇ: ಪರದೆಗೆ ಬೆನ್ನು ಹಾಕಿ ಕೂತರೂ ಕಥೆ ತಿಳಿಯಬೇಕು. ಅದರಲ್ಲಿ ಝೀ ಕನ್ನಡದ ‘ಅಮೃತಧಾರೆ’ಗೆ ಸಮ ಬೇರೆ ಕಾಣಲಿಲ್ಲ. ಉಳಿದವನ್ನು ಅದರ ಪಕ್ಕದಲ್ಲಿಟ್ಟೇ ಅಳೆಯುತ್ತೇನೆ.

2023ರ ಮೇ ತಿಂಗಳಲ್ಲಿ ಶುರುವಾದ ಇದರ ಮೂಲ ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’. ವಯಸ್ಸು ಮೀರಿದ ಮೇಲೆ ಮದುವೆಯಾದ ಉದ್ಯಮಿ ಗೌತಮ್, ಮೇಷ್ಟ್ರು ಭೂಮಿಕಾ. ಗೌತಮ್ ಆಗಿರುವ ರಾಜೇಶ್ ನಟರಂಗ ಅವರದು ರಂಗಭೂಮಿಯ ಗಂಟಲು. ವಾಕ್ಯದ ಕೊನೆಯ ಅಕ್ಷರವನ್ನೂ ನುಂಗುವುದಿಲ್ಲ. ಭೂಮಿಕಾ ಆಗಿರುವ ಛಾಯಾ ಸಿಂಗ್ ಸಿಟ್ಟನ್ನು ಕೂಗದೆ ಮಾತಿನಲ್ಲೇ ಇಳಿಸುತ್ತಾರೆ. ಇಬ್ಬರ ಜಗಳವೂ ಪೂರ್ತಿ ವಾಕ್ಯಗಳಲ್ಲಿ ನಡೆಯುವುದರಿಂದ ಅಡಿಗೆಮನೆಯವರೆಗೂ ಕೇಳಿಸುತ್ತದೆ. ಮಲತಾಯಿ ಶಕುಂತಲಾ ಸಂಚು ಹೂಡುವಾಗ ಬರುವ ‘ಮನಸ್ಸಿನ ಮಾತು’ ಎಲ್ಲರ ಗೇಲಿಗೆ ಗುರಿ. ತಲೆ ತಗ್ಗಿಸಿ ಕೆಲಸ ಮಾಡುವವರಿಗೆ ಮಾತ್ರ ಅದರಷ್ಟು ಉಪಕಾರ ಬೇರಿಲ್ಲ: ಮುಖ ನೋಡದೆಯೇ ಸಂಚು ತಿಳಿಯುತ್ತದೆ. ಆ ಸಂಚುಗಳು ಮುಗಿಯುವುದೇ ಇಲ್ಲ ಎಂಬುದು ಬೇರೆ ಮಾತು.

ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮೀ’ಯದು ಕಥೆಯಾಗಿ ಹೆಚ್ಚು ಗಟ್ಟಿ ಸಾಮಾನು. ಗಂಡ ತಾಂಡವ್ ಕೀಳಾಗಿ ಕಾಣುವ ಗೃಹಿಣಿ ಭಾಗ್ಯಳನ್ನು ಅತ್ತೆ ಕುಸುಮಾ ಮತ್ತೆ ಶಾಲೆಗೆ ಕಳಿಸುತ್ತಾಳೆ, ಎಸ್ಸೆಸ್ಸೆಲ್ಸಿ ಕಟ್ಟಿಸುತ್ತಾಳೆ. ಸೊಸೆಯ ಪರವಾಗಿ ಮಗನನ್ನೇ ಎದುರು ಹಾಕಿಕೊಳ್ಳುವ ಅತ್ತೆ ನಮ್ಮ ಧಾರಾವಾಹಿಗಳಲ್ಲಿ ಅಪರೂಪ. ಸುಷ್ಮಾ ಕೆ. ರಾವ್ (ಭಾಗ್ಯ), ಪದ್ಮಜಾ ರಾವ್ (ಕುಸುಮಾ) ಇಬ್ಬರೂ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದ್ದಾರೆ. ಆದರೂ ಇದು ಎರಡನೆಯ ಸ್ಥಾನಕ್ಕೆ ಇಳಿದದ್ದು ಒಂದೇ ತೊಡಕಿನಿಂದ.

2022ರ ಅಕ್ಟೋಬರಿನಲ್ಲಿ ಶುರುವಾದಾಗ ಭಾಗ್ಯ ಮತ್ತು ತಂಗಿ ಲಕ್ಷ್ಮಿಯದು ಒಂದೇ ಕಥೆ. ಲಕ್ಷ್ಮಿ ಮದುವೆಯಾಗಿ ಹೋದ ಮೇಲೆ, 2023ರಲ್ಲಿ, ಅವಳ ಪಾಲನ್ನು ‘ಲಕ್ಷ್ಮೀ ಬಾರಮ್ಮ’ ಎಂದು ಬೇರೆ ಮಾಡಿದರು. ಮನೆ ಪಾಲಾದ ಮೇಲೂ ಬಾವಿ ಒಂದೇ ಇದ್ದ ಹಾಗೆ, 2025ರಲ್ಲಿ ತಂಗಿಯ ಕಥೆ ಮುಗಿಯುವವರೆಗೆ ಅಕ್ಕನ ಮನೆಯಲ್ಲಿ ಎದ್ದ ಗುಟ್ಟು ತಂಗಿಯ ಮನೆಯಲ್ಲಿ ಬಯಲಾಗುತ್ತಿತ್ತು. ಅರ್ಧ ಗಂಟೆಯ ಲೆಕ್ಕ ಹಾಕಿ ಕೂತವರು ಒಂದು ಗಂಟೆ ಏಳುವ ಹಾಗಿರಲಿಲ್ಲ.

ಇದರ ಮೇಲೆ ಎರಡೂ ಧಾರಾವಾಹಿಗಳನ್ನು ಕೂಡಿಸಿದ ‘ಮಹಾಸಂಗಮ’ದ ಕಂತುಗಳು. ಎರಡು ಮನೆಯವರೂ ಒಂದೇ ಚಪ್ಪರದಡಿ ಸೇರಿದರೆ ದನಿಗಳ ಜಾತ್ರೆ. ಕಣ್ಣಿದ್ದವರಿಗೆ ಸೀರೆ ನೋಡಿ ಯಾರೆಂದು ತಿಳಿದೀತು. ಕಿವಿ ಮಾತ್ರ ಇದ್ದವರಿಗೆ ಗದರುತ್ತಿರುವುದು ಒಳ್ಳೆಯ ಅತ್ತೆ ಕುಸುಮಾಳೋ, ಲಕ್ಷ್ಮಿಯ ಅತ್ತೆ ಕಾವೇರಿಯೋ ಎಂದೇ ಗೊತ್ತಾಗದು. ಸಂಭಾಷಣೆ ನಿಂತು ಬರೀ ‘ಧಡ್’ ಎಂಬ ಹಿನ್ನೆಲೆ ಸದ್ದಿನಲ್ಲಿ ಒಬ್ಬೊಬ್ಬರ ಮುಖ ತೋರಿಸುವುದೂ ಆಗಲೇ. ಅಷ್ಟು ಹೊತ್ತೂ ನಮಗೆ ರೇಡಿಯೋ ಕೆಟ್ಟ ಹಾಗೆ.

ತಪ್ಪಿದ ಕಂತನ್ನು ಮೊಬೈಲಿನಲ್ಲಿ ಹುಡುಕುವವರು ಒಂದು ವಿಷಯ ನೆನಪಿಡಿ. ‘ಲಕ್ಷ್ಮೀ ಬಾರಮ್ಮ’ ಹೆಸರಿನಲ್ಲಿ 2013ರಲ್ಲಿ ಶುರುವಾದ ಹಳೆಯ ಧಾರಾವಾಹಿಯೂ ಇದೆ. ಗೊಂಬೆ, ಚಿನ್ನು ಕಂಡರೆ ಅದು ಹಳೆಯದು, ತಕ್ಷಣ ಹೊರಗೆ ಬನ್ನಿ. ವೈಷ್ಣವ್, ಕೀರ್ತಿ ಇದ್ದರೆ ಸರಿಯಾದ ಮನೆಗೆ ಬಂದಿದ್ದೀರಿ. ಮಹಾಸಂಗಮದ ವಾರದ ಕಂತುಗಳನ್ನೆಲ್ಲ ನೋಡುವ ಗೋಜು ಬೇಡ. ಕೊನೆಯ ಎರಡು ಕಂತು ಸಾಕು. ನಡುವಿನದರಲ್ಲಿ ಗುಟ್ಟು ಬಾಯಿಯವರೆಗೆ ಬಂದು ವಾಪಸ್ ಹೋಗುತ್ತದೆ, ಅಷ್ಟೆ.

ಗಡಿಯ ಮನೆಗಳಲ್ಲಿ ಭಾಗ್ಯಳಿಗೆ ಇನ್ನೊಬ್ಬಳು ಎದುರಾಳಿ ಇದ್ದಳು: 2024ರಲ್ಲಿ ಮುಗಿದ, ಮಲಯಾಳ ಚಾನೆಲ್ ಏಷ್ಯಾನೆಟ್‌ನ ‘ಕುಡುಂಬವಿಳಕ್ಕ್’ನ ಸುಮಿತ್ರಾ. ಇದು ಬಂಗಾಳಿಯ ‘ಶ್ರೀಮೋಯಿ’ಯಿಂದ ಬಂದದ್ದು. ಅದೇ ಕಥೆ ಹಿಂದಿಯಲ್ಲಿ ‘ಅನುಪಮಾ’, ತಮಿಳಿನಲ್ಲಿ ‘ಬಾಕ್ಯಲಕ್ಷ್ಮಿ’, ಕನ್ನಡದಲ್ಲಿ ‘ಇಂತಿ ನಿಮ್ಮ ಆಶಾ’. ಎರಡು ಮೂರು ಭಾಷೆ ಬಲ್ಲ ಕಾಸರಗೋಡಿನವರಿಗೆ ಇದರಿಂದ ನಷ್ಟವೇ: ಗಂಡ ಸಿದ್ಧಾರ್ಥ್ ಮನೆ ಬಿಡುವ ಮೊದಲೇ ಅವನ ಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಿರುತ್ತದೆ. ಸುಮಿತ್ರಾ ಆಗಿ ಮೀರಾ ವಾಸುದೇವ್ ಅಭಿನಯ ಹದವಾಗಿದೆ, ಒಪ್ಪೋಣ. ಆದರೆ ಆ ಅಭಿನಯ ಹೆಚ್ಚಾಗಿ ಮೌನದಲ್ಲಿದೆ. ಬೀಡಿ ಕಟ್ಟುವವರಿಗೆ ತಲುಪುವುದಿಲ್ಲ. ಅತ್ತೆ ಸರಸ್ವತಿಯಮ್ಮನೋ, ಸೊಸೆಯನ್ನು ಚುಚ್ಚುವ ಹಳೆಯ ಅಚ್ಚು. ಕುಸುಮಾಳ ಮುಂದೆ ಸಪ್ಪೆ. ಮತ್ತೆ ಆ ಮಲಯಾಳ ತೆಂಕಣದ್ದು, ನಮ್ಮ ಪೇಟೆಯಲ್ಲಿ ಕೇಳುವಂಥದ್ದಲ್ಲ. ಹಾಗೆಂದು ಅಮೃತಧಾರೆಯ ಬೆಂಗಳೂರು ಕನ್ನಡವೂ ನಮ್ಮದಲ್ಲವೆನ್ನಿ.

ಝೀ ಕನ್ನಡದ ‘ಲಕ್ಷ್ಮೀ ನಿವಾಸ’ ಒಂದು ಗಂಟೆಯ ಧಾರಾವಾಹಿಯಾಗಿ ಶುರುವಾದದ್ದು ಎಂದು ಹೆದರಬೇಕಾಗಿಲ್ಲ. ಶ್ರೀನಿವಾಸನ ಮನೆ, ಭಾವನಾ–ಸಿದ್ದೇಗೌಡ, ಜಾಹ್ನವಿ–ಜಯಂತ್ ಎಂದು ಕಥೆಗಳು ಬೇರೆ ಬೇರೆಯಾಗಿ ಓಡುತ್ತವೆ. ಜಯಂತನ ಹುಚ್ಚು ಪ್ರೀತಿ ಬಂದಾಗ ಅನ್ನ ಬಸಿದು ಬನ್ನಿ.

ಇನ್ನು ದುಡ್ಡು. ಡಿಟಿಎಚ್ ಹಾಕಿಸುವಾಗ ಕೇರಳದ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ಮಲಯಾಳದ ಪ್ಯಾಕನ್ನೇ ಮುಂದಿಡುತ್ತಾರೆ. ಅದರಲ್ಲಿ ಕನ್ನಡ ಚಾನೆಲ್ ಇಲ್ಲದಿದ್ದರೆ ಬಿಡಿಯಾಗಿ ಸೇರಿಸಬೇಕು. ದುಡ್ಡು ಕಟ್ಟುವ ಮೊದಲು ಚಾನೆಲ್ ಪಟ್ಟಿ ಓದಿಸಿಕೊಳ್ಳಿ. ಒಂದು ಚಾನೆಲಿಗೆ 19 ರೂಪಾಯಿ ಎಂದು ಹಿಡಿದರೆ, ಶೇ. 18 ತೆರಿಗೆ ಸೇರಿ ತಿಂಗಳಿಗೆ 22 ರೂಪಾಯಿ 42 ಪೈಸೆ. ಮೊಬೈಲ್ ಆ್ಯಪ್‌ನ ಲೆಕ್ಕ ಬೇರೆ: ಕಲರ್ಸ್ ಮತ್ತು ಏಷ್ಯಾನೆಟ್ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿರುವುದರಿಂದ ಭಾಗ್ಯ, ಸುಮಿತ್ರಾ ಒಂದೇ ಚಂದಾದಲ್ಲಿ ಸಿಗುತ್ತಾರೆ. ಭೂಮಿಕಾ ಬೇಕೆಂದರೆ ಝೀ5 ಬೇರೆ.

ಅಡಿಕೆ ಸುಲಿಯುವ ಮನೆಗೆ ಆ್ಯಪ್ ಬೇಡವೇ ಬೇಡ. ಸಣ್ಣ ಪರದೆ, ಸಣ್ಣ ಸದ್ದು, ಸಿಪ್ಪೆಯ ಧೂಳು ಹಿಡಿದ ಬೆರಳಿನಲ್ಲಿ ಒತ್ತಿದರೆ ಫೋನಿಗೆ ಗೊತ್ತಾಗುವುದೂ ಇಲ್ಲ. ಟಿ.ವಿ.ಯಲ್ಲಿ ಝೀ ಕನ್ನಡ ಒಂದನ್ನು ಬಿಡಿಯಾಗಿ ಹಾಕಿಸಿ. ಅಮೃತಧಾರೆ, ಲಕ್ಷ್ಮೀ ನಿವಾಸ ಎರಡೂ ಅದರಲ್ಲೇ ಬಂದವು. ಭಾಗ್ಯಳನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ, ಅಂಗಳದ ಅಡಿಕೆ ಸುಲಿದು ಮುಗಿದು ಕೈ ಖಾಲಿಯಾದ ಮೇಲೆ, ಕರೆಂಟ್ ಇದ್ದ ದಿನ.